ಪಾಲ್ ಬ್ರೋಕಾ

ಪಾರ್ಶ್ವವಾಯುವಿಗೆ ತುತ್ತಾಗಿ ಮಾತು ಕಳೆದುಕೊಂಡವರನ್ನು ನಾವೆಲ್ಲರೂ ಎಂದಾದರೊಮ್ಮೆ ಕಂಡಿರುತ್ತೇವೆ. ನಿನ್ನೆಯವರೆಗೆ ಮನೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತ, ಸಂಜೆಯಾದರೆ ಮೊಮ್ಮಕ್ಕಳಿಗೆ ಕಥೆ ಹೇಳುತ್ತಿದ್ದ ಹಿರಿಯರೊಬ್ಬರು ಒಂದು ಬೆಳಗ್ಗೆ ಹಾಸಿಗೆಯಿಂದ ಏಳಲಾರದೆ ಹೋಗುತ್ತಾರೆ. ಬಲಗೈ, ಬಲಗಾಲುಗಳ ಸ್ವಾಧೀನ ತಪ್ಪಿರುತ್ತದೆ. ನಾಲಗೆಯಿದೆ, ತುಟಿಗಳಿವೆ, ಗಂಟಲಿನಲ್ಲಿ ಧ್ವನಿಯೂ ಇದೆ. ಆದರೆ ಆಡಬೇಕೆಂದ ಮಾತು ಮಾತ್ರ ಹೊರಡುವುದಿಲ್ಲ. ಹೊರಟರೂ ಯಾವುದೋ ಒಂದೆರಡು ಶಬ್ದಗಳು ಮತ್ತೆ ಮತ್ತೆ ಬರುತ್ತವೆ. ಸುತ್ತಲಿನವರು ಅವರಿಗೆ ಬುದ್ಧಿಯೇ ಹೋಯಿತೆಂದು ಭಾವಿಸಿ, ಅವರ ಎದುರಿನಲ್ಲಿಯೇ ಅವರ ವಿಷಯವನ್ನು, ಅವರು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಮಾತನಾಡಿಕೊಳ್ಳುವುದುಂಟು. ಈ ಭಾವನೆ ಎಷ್ಟು ತಪ್ಪೆಂಬುದನ್ನು ಒಂದೂವರೆ ಶತಮಾನಕ್ಕೂ ಹಿಂದೆ ಪ್ಯಾರಿಸ್ ನಗರದ ಶಸ್ತ್ರವೈದ್ಯನೊಬ್ಬನು ಪ್ರಮಾಣಸಹಿತವಾಗಿ ತೋರಿಸಿಕೊಟ್ಟನು. ಅವನೇ ಪಾಲ್ ಬ್ರೋಕಾ.

ಫ್ರಾನ್ಸ್ ದೇಶದ ನೈರುತ್ಯ ಭಾಗದಲ್ಲಿ, ಬೋರ್ಡೊ ನಗರಕ್ಕೆ ಕೆಲವು ಹರಿದಾರಿ ದೂರದಲ್ಲಿ, ಡಾರ್ಡೋನ್ ನದಿಯ ದಂಡೆಯ ಮೇಲೆ ಸೇಂಟ್ ಫೊಯ್ ಎಂಬ ಸಣ್ಣ ಊರಿದೆ. ಅಲ್ಲಿ 1824ನೆಯ ಇಸವಿ ಜೂನ್ 28ರಂದು ಬ್ರೋಕಾ ಜನಿಸಿದನು. ಅವನ ತಂದೆ ವೈದ್ಯ. ನೆಪೋಲಿಯನ್ನನ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿ ದುಡಿದವನು. ತಾಯಿ ಪ್ರಾಟೆಸ್ಟೆಂಟ್ ಧರ್ಮಗುರುವೊಬ್ಬನ ಮಗಳು. ಕ್ಯಾಥೊಲಿಕರೇ ಹೆಚ್ಚಾಗಿದ್ದ ಫ್ರಾನ್ಸಿನಲ್ಲಿ ಪ್ರಾಟೆಸ್ಟೆಂಟರು ತಲೆಮಾರುಗಳ ಕಾಲ ಹಿಂಸೆಯನ್ನು ಅನುಭವಿಸಿದ್ದರು. ಬಹುಜನರು ಒಪ್ಪಿದ ಮಾತ್ರಕ್ಕೆ ಒಂದು ಮಾತು ಸತ್ಯವಾಗಬೇಕಾಗಿಲ್ಲ ಎಂಬ ನಿಲುವು ಬಹುಶಃ ಆ ಮನೆತನದಿಂದಲೇ ಬ್ರೋಕಾನಿಗೆ ಬಂದಿರಬೇಕು.

ಊರಿನ ಶಾಲೆಯಲ್ಲಿ ಸಾಹಿತ್ಯ, ಗಣಿತ, ಭೌತವಿಜ್ಞಾನಗಳಲ್ಲಿ ಚೆನ್ನಾಗಿ ತೇರ್ಗಡೆಯಾದ ಹುಡುಗನು ತನ್ನ 17ನೆಯ ವಯಸ್ಸಿನಲ್ಲಿ ವೈದ್ಯವಿದ್ಯೆಯನ್ನು ಕಲಿಯಲು ಪ್ಯಾರಿಸ್ಸಿಗೆ ಬಂದನು. 1849ರಲ್ಲಿ ವೈದ್ಯಪದವಿ ದೊರೆಯಿತು. ಅಂಗರಚನಾಶಾಸ್ತ್ರದಲ್ಲಿ ಅವನ ಕೈ ಬಹಳ ಚುರುಕಾಗಿತ್ತು. ಸೂಕ್ಷ್ಮದರ್ಶಕವನ್ನು ರೋಗಪರೀಕ್ಷೆಗೆ ಬಳಸಬೇಕೆಂದು ವಾದಿಸಿದ ಫ್ರೆಂಚ್ ವೈದ್ಯರಲ್ಲಿ ಅವನೂ ಒಬ್ಬ. ಮೂಳೆ ಮತ್ತು ಮೃದ್ವಸ್ಥಿಯ ರೋಗಗಳು, ಏಡಿಗಂತಿಯು ರಕ್ತನಾಳಗಳ ಮೂಲಕ ಹರಡುವ ಬಗೆ, ಅಪಧಮನಿಗಳು ಉಬ್ಬಿಕೊಳ್ಳುವ ವ್ಯಾಧಿ, ಹೀಗೆ ಹಲವು ವಿಷಯಗಳನ್ನು ಕುರಿತು ಅವನು ಬರೆದನು. 1857ರಲ್ಲಿ ಅವನು ಡಾಕ್ಟರ್ ಲುಗೋಲನ ಮಗಳಾದ ಅಡೆಲ್ ಎಂಬಾಕೆಯನ್ನು ಮದುವೆಯಾದನು. ಎಲೆಯಲ್ಲಿ ಪಿಷ್ಟವಿದೆಯೇ ಎಂದು ಪರೀಕ್ಷಿಸಲು ಶಾಲೆಯ ಪ್ರಯೋಗಶಾಲೆಯಲ್ಲಿ ನಾವು ಬಳಸುವ ಅಯೊಡೀನ್ ದ್ರಾವಣಕ್ಕೆ ಲುಗೋಲನ ದ್ರಾವಣವೆಂಬ ಹೆಸರು ಬಂದಿರುವುದು ಈ ಮಾವನಿಂದಲೇ. ದಂಪತಿಗಳಿಗೆ ಮೂವರು ಮಕ್ಕಳಾದರು. ಗಂಡುಮಕ್ಕಳಿಬ್ಬರೂ ಮುಂದೆ ವೈದ್ಯವಿಜ್ಞಾನದಲ್ಲಿ ಹೆಸರು ಪಡೆದರು.

ಬ್ರೋಕಾನ ಮುಖ್ಯ ಕಾರ್ಯವನ್ನು ತಿಳಿಯಬೇಕಾದರೆ ಅಂದಿನ ಜನ ಮಿದುಳಿನ ವಿಷಯದಲ್ಲಿ ಏನೆಂದು ನಂಬಿದ್ದರು ಎಂಬುದನ್ನು ಮೊದಲು ಅರಿಯಬೇಕು. ಮನುಷ್ಯನ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುವ ಮೆತ್ತನೆಯ ಅಂಗ. ಮೇಲ್ಮೈಯೆಲ್ಲ ಅಂಕುಡೊಂಕಾದ ಮಡಿಕೆಗಳಿಂದ ತುಂಬಿದೆ; ನಡುವೆ ಆಳವಾದ ಸೀಳೊಂದು ಅದನ್ನು ಎಡ ಬಲಗಳೆಂಬ ಎರಡು ಅರ್ಧಗೋಳಗಳನ್ನಾಗಿ ಮಾಡಿದೆ. ಹೃದಯವು ಮಿಡಿಯುವುದನ್ನು ಕಾಣಬಹುದು, ಶ್ವಾಸಕೋಶವು ಉಬ್ಬುವುದನ್ನೂ ಕಾಣಬಹುದು. ಆದರೆ ಮಿದುಳನ್ನು ಎಷ್ಟು ಹೊತ್ತು ನೋಡಿದರೂ ಅದು ಕೆಲಸ ಮಾಡುತ್ತಿರುವ ಕುರುಹೇ ಕಾಣುವುದಿಲ್ಲ. ಆದ್ದರಿಂದ ಅದರ ವಿಷಯದಲ್ಲಿ ಊಹೆಗಳಿಗೆ ಮಿತಿಯಿರಲಿಲ್ಲ.

ಜರ್ಮನಿಯಲ್ಲಿ ಹುಟ್ಟಿದ ಗಾಲ್ ಎಂಬ ವೈದ್ಯನು ಮಿದುಳು ಒಂದೇ ಅಂಗವಲ್ಲ, ಇಪ್ಪತ್ತೇಳು ಬೇರೆ ಬೇರೆ ಅಂಗಗಳ ಸಮೂಹ ಎಂದು ಹೇಳಿದ್ದನು. ಶಾಲೆಯಲ್ಲಿ ತನ್ನ ಜೊತೆ ಓದುತ್ತಿದ್ದವರಲ್ಲಿ ಉಬ್ಬುಗಣ್ಣಿನ ಹುಡುಗರೇ ಪಾಠವನ್ನು ಸುಲಭವಾಗಿ ಬಾಯಿಪಾಠ ಮಾಡುತ್ತಿದ್ದುದನ್ನು ಕಂಡು, ಶಬ್ದಗಳ ನೆನಪು ಕಣ್ಣಿನ ಹಿಂಬದಿಯ ಮಿದುಳಿನಲ್ಲಿದೆ ಎಂದು ಅವನು ತೀರ್ಮಾನಿಸಿದನು. ತಲೆಯ ಉಬ್ಬುತಗ್ಗುಗಳನ್ನು ಸವರಿ ನೋಡಿ ವ್ಯಕ್ತಿಯ ಗುಣಾವಗುಣಗಳನ್ನು ಹೇಳಬಹುದೆಂಬುದು ಅವನ ಮತ. ಹಸ್ತರೇಖೆ ನೋಡಿ ಭವಿಷ್ಯ ಹೇಳುವುದಕ್ಕೂ ಇದಕ್ಕೂ ಹೆಚ್ಚಿನ ಅಂತರವಿರಲಿಲ್ಲ. ಫ್ಲೂರೆನ್ಸ್ ಎಂಬ ಫ್ರೆಂಚ್ ವಿಜ್ಞಾನಿ ಪಾರಿವಾಳಗಳ ಮಿದುಳಿನ ಭಾಗಗಳನ್ನು ತೆಗೆದು ಪ್ರಯೋಗ ನಡೆಸಿ, ದೊಡ್ಡ ಮಿದುಳು ಒಟ್ಟಾಗಿಯೇ ಕೆಲಸ ಮಾಡುತ್ತದೆ, ಅದರಲ್ಲಿ ಇಂಥ ಕೆಲಸಕ್ಕೆ ಇಂಥ ಸ್ಥಳವೆಂಬುದಿಲ್ಲ ಎಂದು ಸಾರಿದನು. ವಿದ್ವಾಂಸರು ಬಹುಮಟ್ಟಿಗೆ ಇವನ ಕಡೆಗೇ ವಾಲಿದರು. ಗಾಲನ ಹೆಸರೆತ್ತುವುದೇ ನಗೆಪಾಟಲಿಗೆ ಕಾರಣವಾಯಿತು. ಪ್ಯಾರಿಸ್ಸಿನ ಬುಯೋ ಎಂಬ ಹಿರಿಯ ವೈದ್ಯನೊಬ್ಬನು ಮಾತ್ರ, ಮಾತಿನ ಶಕ್ತಿ ಮಿದುಳಿನ ಮುಂಭಾಗದಲ್ಲಿದೆ ಎಂದು 1825ರಿಂದ ಒಂದೇ ಸಮನೆ ವಾದಿಸುತ್ತ ಬಂದಿದ್ದನು. ಮಿದುಳಿನ ಮುಂಭಾಗ ತೀರ ಕೆಟ್ಟಿದ್ದರೂ ಮಾತು ಸರಿಯಾಗಿದ್ದ ಒಬ್ಬ ರೋಗಿಯನ್ನು ತೋರಿಸಿದವರಿಗೆ 500 ಫ್ರಾಂಕ್ ಕೊಡುವುದಾಗಿ ಅವನು ಪಂಥವನ್ನೂ ಕಟ್ಟಿದನು.

1859ರಲ್ಲಿ ಬ್ರೋಕಾ ತನ್ನ ಕೆಲವು ಮಿತ್ರರೊಡನೆ ಕೂಡಿ ಪ್ಯಾರಿಸ್ಸಿನಲ್ಲಿ ಮಾನವಶಾಸ್ತ್ರ ಸಂಘವನ್ನು ಸ್ಥಾಪಿಸಿದನು. ಮನುಷ್ಯನನ್ನು ಕುರಿತು ಸ್ವತಂತ್ರವಾಗಿ ಚರ್ಚಿಸುವ ಸಂಘವೆಂದರೆ ಅಂದಿನ ಸರ್ಕಾರಕ್ಕೆ ಸಂಶಯ. ಸಂಘದಲ್ಲಿ ರಾಜಕೀಯವಾಗಲಿ ಧರ್ಮನಿಂದೆಯಾಗಲಿ ನಡೆಯದಂತೆ ನೋಡಿಕೊಳ್ಳಲು ಪೊಲೀಸ್ ಅಧಿಕಾರಿಯೊಬ್ಬನು ಸಭೆಗಳಲ್ಲಿ ಕುಳಿತಿರುತ್ತಿದ್ದನು. ತಲೆಬುರುಡೆ ಮತ್ತು ಮೂಳೆಗಳ ಮೇಲೆ ಗಂಟೆಗಟ್ಟಲೆ ನಡೆಯುತ್ತಿದ್ದ ಆ ಚರ್ಚೆಗಳನ್ನು ಕೇಳುತ್ತ ಕುಳಿತ ಆ ಅಧಿಕಾರಿಯ ತಾಳ್ಮೆಯನ್ನು ನೆನೆದರೆ ಕನಿಕರವಾಗುತ್ತದೆ.

1861ರ ಆರಂಭದಲ್ಲಿ ಇದೇ ಸಂಘದಲ್ಲಿ ಮಿದುಳಿನ ಗಾತ್ರಕ್ಕೂ ಬುದ್ಧಿಗೂ ಸಂಬಂಧವಿದೆಯೇ ಎಂಬ ಚರ್ಚೆ ಎದ್ದಿತು. ಅದು ಬೆಳೆಯುತ್ತ, ಮಿದುಳಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕೆಲಸಗಳಿವೆಯೇ ಎಂಬ ಹಳೆಯ ಪ್ರಶ್ನೆಗೆ ಬಂದು ನಿಂತಿತು. ಗ್ರಾಸಿಯೋಲೆ ಎಂಬ ವಿದ್ವಾಂಸನು ಇಲ್ಲವೆಂದನು. ಬುಯೋವಿನ ಅಳಿಯನಾದ ಓಬರ್ತಾನ್ ಇದೆಯೆಂದನು. ತನ್ನ ಮಾತಿಗೆ ಆಧಾರವಾಗಿ ಅವನು ಒಂದು ಪ್ರಸಂಗವನ್ನು ವರ್ಣಿಸಿದನು. ಗುಂಡು ಹಾರಿಸಿಕೊಂಡು ಹಣೆಯ ಮೂಳೆಯೇ ಹಾರಿಹೋಗಿದ್ದ ರೋಗಿಯೊಬ್ಬನು ಆಸ್ಪತ್ರೆಯಲ್ಲಿ ಕೆಲವು ಗಂಟೆಗಳ ಕಾಲ ಬದುಕಿದ್ದನು. ತೆರೆದುಕೊಂಡಿದ್ದ ಮಿದುಳಿನ ಮುಂಭಾಗವನ್ನು ಚಪ್ಪಟೆಯಾದ ಉಪಕರಣದಿಂದ ಮೃದುವಾಗಿ ಒತ್ತಿದರೆ ಅವನ ಮಾತು ನಡುವೆಯೇ ನಿಲ್ಲುತ್ತಿತ್ತು; ಒತ್ತುವುದನ್ನು ಬಿಟ್ಟರೆ ಮಾತು ಮುಂದುವರಿಯುತ್ತಿತ್ತು. ಸಭೆ ಕೇಳಿತು, ಆದರೆ ಒಪ್ಪಲಿಲ್ಲ. ಮಾತು ಕಳೆದುಕೊಂಡ ರೋಗಿಯ ಶವಪರೀಕ್ಷೆಯಲ್ಲಿ ಮಿದುಳಿನ ಮುಂಭಾಗವು ಚೆನ್ನಾಗಿಯೇ ಇದ್ದುದು ಕಂಡುಬಂದರೆ ತನ್ನ ಮತವನ್ನು ಬಿಟ್ಟುಕೊಡುವೆನೆಂದು ಓಬರ್ತಾನ್ ಏಪ್ರಿಲ್ 4ರ ಸಭೆಯಲ್ಲಿ ಮಾತುಕೊಟ್ಟನು. ಬ್ರೋಕಾ ಆಗ ಯಾವ ಪಕ್ಷಕ್ಕೂ ಸೇರಿದವನಾಗಿರಲಿಲ್ಲ. ಅವನು ಪ್ಯಾರಿಸ್ಸಿನ ದಕ್ಷಿಣಕ್ಕಿದ್ದ ಬಿಸೇತ್ರ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ವಿಭಾಗವನ್ನು ನೋಡಿಕೊಳ್ಳುತ್ತಿದ್ದನು.

ಒಂದೇ ವಾರದಲ್ಲಿ, ಏಪ್ರಿಲ್ 11ರಂದು, ಆ ವಿಭಾಗಕ್ಕೆ ಒಬ್ಬ ರೋಗಿಯನ್ನು ತಂದರು. ಅವನ ಹೆಸರು ಲೆಬೋರ್ನ್, ವಯಸ್ಸು 51. ಆದರೆ ಆ ಹೆಸರಿನಿಂದ ಅವನನ್ನು ಕರೆಯುವವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಟಾನ್. ಏನು ಕೇಳಿದರೂ ಟಾನ್ ಟಾನ್ ಎಂಬ ಉತ್ತರವೊಂದೇ ಬರುತ್ತಿದ್ದುದರಿಂದ ಈ ಹೆಸರು ಬಂದಿತ್ತು. ಮೂವತ್ತರ ಪ್ರಾಯದವರೆಗೆ ಅವನು ಪಾದರಕ್ಷೆ ಮಾಡುವವರಿಗೆ ಬೇಕಾದ ಮರದ ಅಚ್ಚುಗಳನ್ನು ಕೆತ್ತಿ ಜೀವಿಸುತ್ತಿದ್ದನು. ಚಿಕ್ಕಂದಿನಿಂದಲೂ ಮೂರ್ಛೆರೋಗವಿದ್ದಿತು. ಅನಂತರ ಮಾತು ನಿಂತಿತು, ಬಿಸೇತ್ರಕ್ಕೆ ಸೇರಿಸಿದರು. ಹತ್ತು ವರ್ಷಗಳಾದ ಮೇಲೆ ಬಲಗೈ ದುರ್ಬಲವಾಯಿತು, ಬಳಿಕ ಬಲಗಾಲು. ಕೊನೆಯ ಏಳು ವರ್ಷ ಅವನು ಹಾಸಿಗೆ ಹಿಡಿದೇ ಇದ್ದನು. ಸಹರೋಗಿಗಳಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಸಿಡುಕ, ಸ್ವಾರ್ಥಿ, ಕಳ್ಳ ಎಂದು ದೂರುತ್ತಿದ್ದರು. ಹಾಸಿಗೆಯನ್ನು ಮಲಿನ ಮಾಡಿಕೊಳ್ಳುವ ರೋಗಿಯಲ್ಲವಾದ್ದರಿಂದ ಅವನ ಬಟ್ಟೆಯನ್ನು ವಾರಕ್ಕೊಮ್ಮೆ ಮಾತ್ರ ಬದಲಾಯಿಸುತ್ತಿದ್ದರು. ಹೀಗಾಗಿ ಬಲಗಾಲಿನಲ್ಲಿ ಹುಟ್ಟಿದ ಊತವು ಪಾದದಿಂದ ತೊಡೆಯ ಮೇಲಿನವರೆಗೆ ಹಬ್ಬಿ ಮಾಂಸ ಕೊಳೆಯತೊಡಗುವವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ. ನೋವನ್ನು ಹೇಳಿಕೊಳ್ಳಲು ಅವನಲ್ಲಿದ್ದುದು ಆ ಒಂದೇ ಶಬ್ದ.

ಕಾಲಿನ ರೋಗವು ಕೈಮೀರಿತ್ತು. ರೋಗಿಯು ಉಳಿಯುವುದಿಲ್ಲವೆಂದು ಬ್ರೋಕಾನಿಗೆ ತಿಳಿಯಿತು. ಉಳಿದ ಕೆಲವೇ ದಿನಗಳಲ್ಲಿ ಅವನು ಆ ರೋಗಿಯ ಪಕ್ಕದಲ್ಲಿ ಕುಳಿತು, ಇಪ್ಪತ್ತೊಂದು ವರ್ಷಗಳಲ್ಲಿ ಬಹುಶಃ ಯಾರೂ ಅಷ್ಟು ಗಮನವಿಟ್ಟು ಮಾಡದಿದ್ದ ಕೆಲಸವೊಂದನ್ನು ಮಾಡಿದನು. ಅವನಿಗೆ ಪ್ರಶ್ನೆಗಳನ್ನು ಹಾಕಿ ಉತ್ತರಕ್ಕಾಗಿ ಕಾದನು.

ಈ ಆಸ್ಪತ್ರೆಗೆ ಬಂದು ಎಷ್ಟು ವರ್ಷಗಳಾದವೆಂದು ಕೇಳಿದಾಗ ಟಾನ್ ತನ್ನ ಎಡಗೈಯ ಐದೂ ಬೆರಳುಗಳನ್ನು ನಾಲ್ಕು ಬಾರಿ ಅಗಲಿಸಿ ತೋರಿಸಿ, ಕೊನೆಗೆ ಒಂದು ಬೆರಳನ್ನು ಎತ್ತಿದನು. ಇಪ್ಪತ್ತೊಂದು, ಲೆಕ್ಕ ಸರಿಯಾಗಿತ್ತು. ಮರುದಿನ ಅದೇ ಪ್ರಶ್ನೆಯನ್ನು ಕೇಳಲು ಅದೇ ಉತ್ತರ ಬಂದಿತು. ಮೂರನೆಯ ಸಲ ಕೇಳಿದಾಗ, ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ಅರಿತ ಟಾನ್ ಸಿಟ್ಟಿಗೆದ್ದು ಒಂದು ಬೈಗುಳವನ್ನು ಸ್ಪಷ್ಟವಾಗಿ ಉಚ್ಚರಿಸಿದನು. ಬೇಕೆಂದಾಗ ಬಾರದ ಮಾತು ಕೋಪದಲ್ಲಿ ತಾನಾಗಿ ಹೊರಬಂದಿತ್ತು. ಸೆಕೆಂಡಿನ ಮುಳ್ಳಿದ್ದ ಗಡಿಯಾರವನ್ನು ತೋರಿಸಿದರೆ ಟಾನ್ ವೇಳೆಯನ್ನು ಸರಿಯಾಗಿ ತಿಳಿಸುತ್ತಿದ್ದನು. ಮೊದಲು ನಾಲಗೆ, ಆಮೇಲೆ ಕೈ, ಆಮೇಲೆ ಕಾಲು ಎಂದು ತನ್ನ ರೋಗದ ಕ್ರಮವನ್ನು ಸಂಜ್ಞೆಗಳಿಂದ ವಿವರಿಸಿದನು. ನಾಲಗೆಯನ್ನು ಎಲ್ಲ ದಿಕ್ಕಿಗೂ ಆಡಿಸಬಲ್ಲವನಾಗಿದ್ದನು; ಕಿವಿ ಚೆನ್ನಾಗಿ ಕೇಳುತ್ತಿತ್ತು. ಕೆಲವು ಪ್ರಶ್ನೆಗಳಿಗೆ ಅವನು ಸರಿಯಾದ ಉತ್ತರ ಕೊಡಲಿಲ್ಲ. ಬ್ರೋಕಾ ಅದನ್ನೂ ಮುಚ್ಚಿಡದೆ ಬರೆದುಕೊಂಡನು.

ಓಬರ್ತಾನನ ಪಂಥವು ಬ್ರೋಕಾನಿಗೆ ನೆನಪಿದ್ದಿತು. ಅವನು ಓಬರ್ತಾನನನ್ನು ಆಸ್ಪತ್ರೆಗೆ ಕರೆಸಿ, ರೋಗಿಯನ್ನು ಪರೀಕ್ಷಿಸಿ, ಇವನ ವಿಷಯದಲ್ಲಿ ಮಿದುಳಿನ ಮುಂಭಾಗ ಕೆಟ್ಟಿರಬೇಕೆಂದು ಒಪ್ಪಿಕೊಳ್ಳುವೆಯಾ ಎಂದು ಮೊದಲೇ ಕೇಳಿದನು. ಓಬರ್ತಾನ್ ಒಪ್ಪಿದನು. ಇದು ಬಹಳ ಮುಖ್ಯವಾದ ಹೆಜ್ಜೆ. ಫಲ ಕಂಡಮೇಲೆ ಅದಕ್ಕೆ ತಕ್ಕ ಕಾರಣವನ್ನು ಹೊಂದಿಸುವುದು ಸುಲಭ. ಬ್ರೋಕಾ ಊಹೆಯನ್ನು ಮೊದಲು ಹೇಳಿಸಿ, ಪರೀಕ್ಷೆಯನ್ನು ಆಮೇಲೆ ನಡೆಸಿದನು.

ಏಪ್ರಿಲ್ 17ರಂದು ಬೆಳಗ್ಗೆ ಹನ್ನೊಂದು ಗಂಟೆಗೆ ಲೆಬೋರ್ನ್ ತೀರಿಕೊಂಡನು. ಶವಪರೀಕ್ಷೆ ನಡೆದು, ಮಾರನೆಯ ದಿನವೇ ಬ್ರೋಕಾ ಆ ಮಿದುಳನ್ನು ಸಂಘದ ಸಭೆಗೆ ತಂದು ತೋರಿಸಿದನು. ಎಡ ಅರ್ಧಗೋಳದ ಮುಂಭಾಗದಲ್ಲಿ, ಸುಮಾರಾಗಿ ಎಡ ಕಣತಲೆಯ ಒಳಗಡೆ ಬರುವ ಜಾಗದಲ್ಲಿ, ಕೋಳಿಮೊಟ್ಟೆ ಹಿಡಿಯುವಷ್ಟು ಕುಳಿ ಬಿದ್ದಿತ್ತು. ಅಲ್ಲಿದ್ದ ಮಿದುಳಿನ ಪದಾರ್ಥ ನಾಶವಾಗಿ, ನೀರಿನಂಥ ದ್ರವವು ತುಂಬಿಕೊಂಡಿತ್ತು. ಸುತ್ತಲಿನ ಭಾಗವೂ ಮೆತ್ತಗಾಗಿತ್ತು. ಎಲ್ಲಕ್ಕಿಂತ ಹಳೆಯದಾಗಿ, ಎಲ್ಲಕ್ಕಿಂತ ಹೆಚ್ಚಾಗಿ ಕೆಟ್ಟಿದ್ದುದು ಮುಂಭಾಗದ ಕೆಳಗಿನ, ಎಂದರೆ ಮೂರನೆಯ ಮಡಿಕೆಯ ಹಿಂಬದಿ. ಮಾತು ಮೊದಲು ಹೋಗಿತ್ತು. ಆದ್ದರಿಂದ ರೋಗವು ಮೊದಲು ಹುಟ್ಟಿದ ಸ್ಥಳವೇ ಮಾತಿನ ಸ್ಥಳವಾಗಿರಬೇಕೆಂದು ಬ್ರೋಕಾ ತರ್ಕಿಸಿದನು. ಒಳಗಿನ ಕೇಡು ಎಷ್ಟು ಆಳಕ್ಕೆ ಇಳಿದಿದೆಯೆಂದು ನೋಡಲು ಮಿದುಳನ್ನು ಹೋಳುಮಾಡುವುದು ಅಂದಿನ ವಾಡಿಕೆ. ಬ್ರೋಕಾ ಹಾಗೆ ಮಾಡಲಿಲ್ಲ. ಮುಂದೆ ಸಂಶಯ ಬಂದವರು ತಾವೇ ನೋಡಿಕೊಳ್ಳಲೆಂದು ಅದನ್ನು ಇಡಿಯಾಗಿಯೇ ಮದ್ಯಸಾರದಲ್ಲಿ ಇರಿಸಿ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದನು.

ಒಂದು ಉದಾಹರಣೆಯಿಂದ ನಿಯಮವಾಗುವುದಿಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ 84 ವರ್ಷದ ಲೆಲೋಂಗ್ ಎಂಬ ಮುದುಕನು ತೊಡೆಯ ಮೂಳೆ ಮುರಿದುಕೊಂಡು ಬ್ರೋಕಾನ ಬಳಿಗೆ ಬಂದನು. ಸುಮಾರು ಒಂದೂವರೆ ವರ್ಷದ ಹಿಂದೆ ಅವನ ಮಾತು ನಿಂತುಹೋಗಿತ್ತು. ಅವನಲ್ಲಿ ಉಳಿದಿದ್ದುದು ಐದು ಶಬ್ದಗಳು ಮಾತ್ರ: ಹೌದು, ಇಲ್ಲ, ಯಾವಾಗಲೂ, ಮೂರು ಎಂಬ ಅರ್ಥದ ಫ್ರೆಂಚ್ ಶಬ್ದಗಳು ಮತ್ತು ಅರ್ಧಂಬರ್ಧವಾಗಿ ತನ್ನದೇ ಹೆಸರು. ಯಾವ ಸಂಖ್ಯೆಯನ್ನು ಹೇಳಬೇಕಾದರೂ ಬಾಯಿಂದ ಬರುತ್ತಿದ್ದುದು ಮೂರು. ಆದರೆ ಬಾಯಿ ಮೂರೆನ್ನುವಾಗ ಕೈಬೆರಳುಗಳು ನಿಜವಾದ ಸಂಖ್ಯೆಯನ್ನು ತೋರಿಸುತ್ತಿದ್ದವು! ಬಾಯಿ ತಪ್ಪಿದುದು ಅವನಿಗೆ ಗೊತ್ತಿತ್ತು. ತಿದ್ದಲು ಬೆರಳುಗಳನ್ನು ಬಳಸುತ್ತಿದ್ದನು. ಕೆಲವೇ ದಿನಗಳಲ್ಲಿ ಲೆಲೋಂಗನೂ ಸತ್ತನು. ಅವನ ಮಿದುಳಿನ ಗಾಯ ಟಾನನದಕ್ಕಿಂತ ಬಹಳ ಚಿಕ್ಕದು. ಆದರೆ ಇದ್ದುದು ಅದೇ ಮಡಿಕೆಯಲ್ಲಿ, ಅದೇ ಜಾಗದಲ್ಲಿ. ಇದನ್ನು ಕಂಡು ಬ್ರೋಕಾ ಬೆರಗಾಗಿಹೋದನು.

ಅಲ್ಲಿಂದ ಮುಂದೆ ಇಂಥ ರೋಗಿಗಳ ವಿವರಗಳು ಒಂದೊಂದಾಗಿ ಬಂದು ಸೇರಿದವು. 1863ರ ಹೊತ್ತಿಗೆ ಎಂಟು ಮಂದಿಯ ವಿವರ ಸಿಕ್ಕಿತ್ತು. ಎಂಟರಲ್ಲಿಯೂ ಗಾಯ ಎಡಗಡೆಗೇ ಇತ್ತು. ಇದು ಬ್ರೋಕಾನಿಗೆ ಸಂತೋಷಕ್ಕಿಂತ ಹೆಚ್ಚಾಗಿ ಗೊಂದಲವನ್ನು ತಂದಿತು. ನಮ್ಮ ಎರಡು ಕಣ್ಣುಗಳು, ಎರಡು ಕಿವಿಗಳು, ಎರಡು ಮೂತ್ರಪಿಂಡಗಳು ಒಂದೇ ಕೆಲಸವನ್ನು ಮಾಡುತ್ತವೆ. ನೋಡಲು ಒಂದರಂತೆಯೇ ಒಂದಿರುವ ಎರಡು ಅರ್ಧಗೋಳಗಳಲ್ಲಿ ಒಂದಕ್ಕೆ ಮಾತ್ರ ಮಾತು ಏಕೆ? ಅವನು ಅವಸರಪಡಲಿಲ್ಲ. ಇನ್ನೂ ಎರಡು ವರ್ಷ ಕಾದು, 1865ರಲ್ಲಿ, ಬಹುಪಾಲು ಜನರಲ್ಲಿ ಮಾತನ್ನು ನಡೆಸುವುದು ಎಡ ಅರ್ಧಗೋಳವೇ ಎಂದು ಘೋಷಿಸಿದನು. ಇದಕ್ಕೆ ಬಹಳ ಹಿಂದೆ, 1836ರಲ್ಲಿಯೇ, ದಕ್ಷಿಣ ಫ್ರಾನ್ಸಿನ ಹಳ್ಳಿಗಾಡಿನ ವೈದ್ಯನಾದ ಮಾರ್ಕ್ ಡಾಕ್ಸ್ ಎಂಬುವನು ಇದೇ ಮಾತನ್ನು ಬರೆದಿಟ್ಟಿದ್ದನೆಂದು ಅವನ ಮಗ ಹಕ್ಕು ಸಾಧಿಸಿದನು. ಆ ಬರಹ ಅಂದು ಅಚ್ಚಾಗಿರಲಿಲ್ಲ. ಬ್ರೋಕಾ ಅದನ್ನು ಹುಡುಕಿಸಿದನು, ಕುರುಹು ಸಿಗಲಿಲ್ಲ. ಈಚಿನ ಇತಿಹಾಸಕಾರರು ಡಾಕ್ಸನಿಗೂ ಗೌರವದ ಪಾಲನ್ನು ಕೊಡುತ್ತಾರೆ, ಅದು ನ್ಯಾಯವೇ.

ಬ್ರೋಕಾ ಗುರುತಿಸಿದ ಆ ಮಡಿಕೆಯನ್ನು ಇಂದು ಬ್ರೋಕಾ ಕ್ಷೇತ್ರವೆಂದು ಕರೆಯುತ್ತಾರೆ. ಮಿದುಳಿನ ಕೇಡಿನಿಂದ ಮಾತು ನಷ್ಟವಾಗುವ ರೋಗಕ್ಕೆ ಅವನು ಬೇರೊಂದು ಹೆಸರನ್ನು ಇಟ್ಟಿದ್ದನು. ಟ್ರೂಸೋ ಎಂಬ ವೈದ್ಯನು 1864ರಲ್ಲಿ ಸೂಚಿಸಿದ ಅಫೇಸಿಯಾ ಎಂಬ ಹೆಸರೇ ನಿಂತಿತು. 1874ರಲ್ಲಿ 26 ವರ್ಷದ ಜರ್ಮನ್ ವೈದ್ಯ ವೆರ್ನಿಕೆ ಈ ರೋಗದ ಇನ್ನೊಂದು ಮುಖವನ್ನು ತೋರಿಸಿದನು. ಎಡ ಅರ್ಧಗೋಳದಲ್ಲಿಯೇ, ಆದರೆ ಇನ್ನೂ ಹಿಂದಕ್ಕೆ, ಕಿವಿಯ ಮೇಲ್ಗಡೆಯ ಭಾಗ ಕೆಟ್ಟರೆ ರೋಗಿಯು ನಿರರ್ಗಳವಾಗಿ ಮಾತನಾಡುತ್ತಾನೆ. ಆದರೆ ಮಾತಿಗೆ ಅರ್ಥವಿರುವುದಿಲ್ಲ, ಇತರರ ಮಾತು ಅವನಿಗೆ ತಿಳಿಯುವುದೂ ಇಲ್ಲ. ಟಾನನಿಗೆ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಇವರಿಗೆ ಆಡಲು ಬರುತ್ತದೆ, ತಿಳಿಯುವುದಿಲ್ಲ. ನಾವು ಒಂದೇ ಎಂದು ತಿಳಿದಿದ್ದ ಮಾತೆಂಬ ಶಕ್ತಿಯು ಒಳಗೆ ಹಲವು ಕೆಲಸಗಳ ಕೂಟವೆಂಬುದು ಹೀಗೆ ಬೆಳಕಿಗೆ ಬಂದಿತು.

ಮಾತು ಹೋದವರಲ್ಲಿ ಬಲಗೈಯೇ ಏಕೆ ಬೀಳುತ್ತದೆ ಎಂಬುದೂ ಇದರಿಂದ ಸ್ಪಷ್ಟವಾಗುತ್ತದೆ. ಮಿದುಳಿನಿಂದ ಇಳಿಯುವ ನರತಂತುಗಳು ಅಡ್ಡಹಾಯುವುದರಿಂದ ಎಡ ಅರ್ಧಗೋಳವು ದೇಹದ ಬಲಭಾಗವನ್ನು ಆಳುತ್ತದೆ. ಕೈಯನ್ನು ಆಡಿಸುವ ಭಾಗವೂ ಬ್ರೋಕಾ ಕ್ಷೇತ್ರವೂ ನೆರೆಹೊರೆ. ಎರಡಕ್ಕೂ ಒಂದೇ ದೊಡ್ಡ ರಕ್ತನಾಳದ ಕವಲುಗಳಿಂದ ರಕ್ತ ಬರುತ್ತದೆ. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದ ನೂರಕ್ಕೆ ಎರಡು ಪಾಲಿನಷ್ಟೇ ಇರುವ ಈ ಅಂಗವು ದೇಹದ ಒಟ್ಟು ಶಕ್ತಿಯ ಐದನೆಯ ಒಂದು ಪಾಲನ್ನು ಬಳಸುತ್ತದೆ. ರಕ್ತವು ಕೆಲವು ನಿಮಿಷ ನಿಂತರೂ ಕೋಶಗಳು ಸಾಯತೊಡಗುತ್ತವೆ. ಆದ್ದರಿಂದಲೇ ಮುಖವು ಒಂದು ಕಡೆಗೆ ಸೊಟ್ಟಗಾದಾಗ, ಒಂದು ಕೈ ಎತ್ತಲಾಗದಿದ್ದಾಗ, ಮಾತು ತೊದಲಿದಾಗ ರೋಗಿಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದು ವೈದ್ಯರು ಒತ್ತಿ ಹೇಳುತ್ತಾರೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಕಳೆದ ಮಾತು ಮರಳಿ ಬರುವುದೇ? ಬ್ರೋಕಾ ಈ ಪ್ರಶ್ನೆಯನ್ನೂ ಕೈಬಿಡಲಿಲ್ಲ. ಎಳೆಯ ಮಕ್ಕಳಿಗೆ ಮಾತು ಕಲಿಸುವಂತೆ ಇಂಥವರಿಗೂ ತಾಳ್ಮೆಯಿಂದ ಕಲಿಸಿದರೆ ಬಲ ಅರ್ಧಗೋಳವು ಆ ಕೆಲಸವನ್ನು ಸ್ವಲ್ಪಮಟ್ಟಿಗೆ ವಹಿಸಿಕೊಂಡೀತೆಂದು ಅವನು 1865ರಲ್ಲಿಯೇ ಸೂಚಿಸಿದನು. ಇಂದು ವಾಕ್‌ಚಿಕಿತ್ಸೆಯು ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ನಮ್ಮ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಇಂಥ ರೋಗಿಗಳಿಗೆ ಚಿಕಿತ್ಸೆ ನಡೆಯುತ್ತದೆ. ಒಂದು ವಾಕ್ಯವನ್ನೂ ಆಡಲಾರದ ಕೆಲವರು ತಮಗೆ ರೂಢಿಯಾದ ಹಾಡನ್ನು ಶಬ್ದಸಹಿತ ಹಾಡಬಲ್ಲರು. ಚಿಕಿತ್ಸಕರು ಈ ದಾರಿಯನ್ನೂ ಬಳಸಿಕೊಳ್ಳುತ್ತಾರೆ.

ಬ್ರೋಕಾನ ಆಸಕ್ತಿ ಒಂದೆಡೆ ನಿಲ್ಲುವಂಥದಲ್ಲ. ದಕ್ಷಿಣ ಅಮೆರಿಕದ ಪೆರು ದೇಶದಿಂದ ಬಂದ ಪ್ರಾಚೀನ ತಲೆಬುರುಡೆಯೊಂದರಲ್ಲಿ ಚೌಕನಾದ ರಂಧ್ರವಿದ್ದಿತು. 1867ರಲ್ಲಿ ಅದನ್ನು ಪರೀಕ್ಷಿಸಿದ ಬ್ರೋಕಾ, ರಂಧ್ರದ ಸುತ್ತ ಮೂಳೆಯಲ್ಲಿದ್ದ ಬದಲಾವಣೆಗಳನ್ನು ಗುರುತಿಸಿ, ಅದನ್ನು ಕೊರೆದುದು ಜೀವಂತ ಮನುಷ್ಯನ ತಲೆಯಲ್ಲಿ ಎಂದು ತೋರಿಸಿದನು. ಯುರೋಪಿಯನ್ನರು ಅಲ್ಲಿಗೆ ಕಾಲಿಡುವ ಮೊದಲೇ ಆ ಜನರು ತಲೆಯ ಶಸ್ತ್ರಚಿಕಿತ್ಸೆಯನ್ನು ಬಲ್ಲವರಾಗಿದ್ದರು. 1871ರಲ್ಲಿ ಪೆಟ್ಟುಬಿದ್ದು ಮಾತು ನಿಂತ ಒಬ್ಬ ರೋಗಿಯ ತಲೆಯಲ್ಲಿ, ತಾನು ಗುರುತಿಸಿದ್ದ ಸ್ಥಳದ ನೇರಕ್ಕೆ ಮೂಳೆಯನ್ನು ಕೊರೆದು, ಅಡಗಿದ್ದ ಕೀವನ್ನು ಅವನು ಹೊರತೆಗೆದನು. ರೋಗಿಯು ಉಳಿಯಲಿಲ್ಲ. ಆದರೂ ಹೊರಗಿನ ಲಕ್ಷಣವನ್ನು ನೋಡಿ ಮಿದುಳಿನೊಳಗಿನ ಸ್ಥಳವನ್ನು ನಿರ್ಧರಿಸಿ ಮಾಡಿದ ಮೊದಲ ಶಸ್ತ್ರಕ್ರಿಯೆಗಳಲ್ಲಿ ಇದೂ ಒಂದು.

ಇಷ್ಟು ಹೇಳಿದ ಮೇಲೆ ಬ್ರೋಕಾನ ಇನ್ನೊಂದು ಕೆಲಸವನ್ನು ಹೇಳದೆ ಬಿಟ್ಟರೆ ಅದು ಚರಿತ್ರೆಯಾಗುವುದಿಲ್ಲ. ಅವನು ತನ್ನ ಆಯುಷ್ಯದ ದೊಡ್ಡ ಭಾಗವನ್ನು ತಲೆಬುರುಡೆಗಳನ್ನು ಅಳೆಯುವುದರಲ್ಲಿ, ಮಿದುಳುಗಳನ್ನು ತೂಗುವುದರಲ್ಲಿ ಕಳೆದನು. ಪ್ಯಾರಿಸ್ಸಿನ ಆಸ್ಪತ್ರೆಗಳಲ್ಲಿ ಸತ್ತವರ ಪೈಕಿ 292 ಗಂಡಸರ ಮಿದುಳಿನ ಸರಾಸರಿ ತೂಕ 1,325 ಗ್ರಾಂ, 140 ಹೆಂಗಸರದು 1,144 ಗ್ರಾಂ ಎಂದು ಅವನ ಲೆಕ್ಕ. ತೂಕಗಳು ತಪ್ಪಲ್ಲ. ಆದರೆ ಹೆಂಗಸರ ಮೈಕಟ್ಟು ಚಿಕ್ಕದಾದ್ದರಿಂದ ಮಿದುಳೂ ಹಗುರವಾಗಿರಬಹುದೆಂಬುದನ್ನು ಅರಿತಿದ್ದರೂ, ಆ ಕಾರಣದ ಪಾಲು ಎಷ್ಟೆಂದು ಅವನು ಲೆಕ್ಕಹಾಕಲಿಲ್ಲ. ಹೆಂಗಸರಿಗೆ ಬುದ್ಧಿ ಕಡಿಮೆಯೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯೆಂದು ಮೊದಲೇ ಒಪ್ಪಿಕೊಂಡು, ತೂಕವನ್ನು ಅದಕ್ಕೆ ಸಾಕ್ಷಿಯನ್ನಾಗಿ ನಿಲ್ಲಿಸಿದನು. ಯುರೋಪಿನ ಹೊರಗಿನ ಜನಾಂಗಗಳ ವಿಷಯದಲ್ಲಿಯೂ ಹೀಗೆಯೇ ಮಾಡಿದನು. ಅವನ ಅಂಕಿಗಳನ್ನು ಹಿಡಿದುಕೊಂಡು ಇತರರು ಇನ್ನೂ ಕಟುವಾದ ಮಾತುಗಳನ್ನು ಬರೆದರು. ಟಾನನ ಹಾಸಿಗೆಯ ಬಳಿ ಊಹೆಯನ್ನು ಪರೀಕ್ಷೆಗೆ ಒಡ್ಡಿದ ವೈದ್ಯನು ಇಲ್ಲಿ ಊಹೆಯನ್ನೇ ತೀರ್ಪೆಂದು ತಿಳಿದನು. ಮಿದುಳಿನ ತೂಕವನ್ನು ನೋಡಿ ವ್ಯಕ್ತಿಯ ಬುದ್ಧಿಯನ್ನು ಅಳೆಯಲಾಗದೆಂದು ಮುಂದೆ ಚೆನ್ನಾಗಿ ಸಿದ್ಧವಾಯಿತು. 1921ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಬಹುಮಾನ ಪಡೆದ ಫ್ರೆಂಚ್ ಲೇಖಕ ಅನಾತೋಲ್ ಫ್ರಾನ್ಸನ ಮಿದುಳು ತೂಗಿದುದು 1,017 ಗ್ರಾಂ ಮಾತ್ರ.

ವಿಚಿತ್ರವೆಂದರೆ ಇದೇ ಬ್ರೋಕಾ ಹೆಣ್ಣುಮಕ್ಕಳಿಗೆ ಚರ್ಚಿನ ಹಿಡಿತವಿಲ್ಲದ ಸಾರ್ವಜನಿಕ ಶಿಕ್ಷಣ ದೊರೆಯಬೇಕೆಂದು ಹೋರಾಡಿದವರಲ್ಲಿ ಒಬ್ಬನು. 1880ರಲ್ಲಿ ಅವನು ಫ್ರಾನ್ಸಿನ ಸೆನೆಟ್ ಸಭೆಗೆ ಆಜೀವ ಸದಸ್ಯನಾಗಿ ಆಯ್ಕೆಯಾದನು. ಆ ಗೌರವವನ್ನು ಬಹುಕಾಲ ಅನುಭವಿಸುವ ಯೋಗ ಅವನಿಗಿರಲಿಲ್ಲ. ಅದೇ ವರ್ಷ ಜುಲೈ 9ರಂದು, 56ನೆಯ ವಯಸ್ಸಿನಲ್ಲಿ, ಅವನು ಹಠಾತ್ತಾಗಿ ತೀರಿಕೊಂಡನು. ಪ್ಯಾರಿಸ್ಸಿನ ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಫ್ರೆಂಚ್ ವಿಜ್ಞಾನಿಗಳ ಮತ್ತು ತಂತ್ರಜ್ಞರ ಹೆಸರುಗಳಲ್ಲಿ ಅವನ ಹೆಸರೂ ಇದೆ.

ಅವನ ಸಹೋದ್ಯೋಗಿಗಳು ಅವನ ಮಿದುಳನ್ನೂ ತೂಗಿದರು. 1,424 ಗ್ರಾಂ, ಸರಾಸರಿಗಿಂತ ತುಸು ಹೆಚ್ಚು, ಅಷ್ಟೆ. ಅದನ್ನು ಗಾಜಿನ ಜಾಡಿಯಲ್ಲಿಟ್ಟು ಕಾಪಾಡಿದರು. ಅದೇ ನಗರದ ಇನ್ನೊಂದು ಸಂಗ್ರಹಾಲಯದಲ್ಲಿ, ಇನ್ನೊಂದು ಜಾಡಿಯಲ್ಲಿ, ಮರದ ಅಚ್ಚು ಕೆತ್ತುತ್ತಿದ್ದ ಲೆಬೋರ್ನನ ಮಿದುಳು ಇದ್ದಿತು. 2007ರಲ್ಲಿ ವಿಜ್ಞಾನಿಗಳು ಅದನ್ನೂ ಲೆಲೋಂಗನ ಮಿದುಳನ್ನೂ ಹೊರತೆಗೆದು, ಕಾಂತಕ್ಷೇತ್ರದ ಸಹಾಯದಿಂದ ಒಳಭಾಗದ ಚಿತ್ರಗಳನ್ನು ಪಡೆಯುವ ಯಂತ್ರದಲ್ಲಿಟ್ಟು ನೋಡಿದರು. ಬ್ರೋಕಾ ಮೇಲ್ಮೈಯಲ್ಲಿ ಕಂಡುದಕ್ಕಿಂತ ಕೇಡು ಬಹಳ ಆಳಕ್ಕೆ ಇಳಿದಿತ್ತು. ಮಿದುಳಿನ ಮುಂಭಾಗವನ್ನು ಹಿಂಭಾಗದೊಡನೆ ಕೂಡಿಸುವ ನರತಂತುಗಳ ಕಟ್ಟೂ ತುಂಡಾಗಿತ್ತು. ಮಾತು ಒಂದು ಮಡಿಕೆಯಲ್ಲಿ ಮಾತ್ರವಲ್ಲದೆ ಇಂಥ ದಾರಿಗಳ ಉದ್ದಕ್ಕೂ ನೆಲೆಸಿದೆಯೆಂಬ ಈಚಿನ ತಿಳಿವಳಿಕೆಗೆ ಅದು ಹೊಂದಿಕೆಯಾಯಿತು. ಒಂದು ಚೂರೂ ಕತ್ತರಿಸದೆ ಬ್ರೋಕಾ ಅದನ್ನು ಇಡಿಯಾಗಿ ಉಳಿಸಿದ್ದರಿಂದಲೇ, 146 ವರ್ಷಗಳ ಅನಂತರ ಅವನ ತೀರ್ಮಾನವನ್ನು ತಿದ್ದಲು ಸಾಧ್ಯವಾಯಿತು.